ಯಾರಿಗೆ ಕೊಡಬೇಕಿತ್ತು ಸ್ವಾಮಿ ಕಂಪ್ಲೇಂಟು?

"ಅಷ್ಟೆಲ್ಲ ಆಗಿದ್ರೆ ಆವಾಗ್ಲೇ ಯಾಕೆ ಕಂಪ್ಲೇಂಟ್ ಕೊಡಲಿಲ್ಲ?"

ಕಾಲೇಜು ಹುಡುಗಿಯೊಬ್ಬಳ ಮೇಲೆ ಮೇಷ್ಟ್ರೋ, ಸೀನಿಯರ್ರೋ, ಕ್ಲಾಸ್‌ಮೇಟೋ ಕೈ ಹಾಕಿದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಅದರ ಹಿಂದೆಯೇ ಬರತ್ತೆ. ಟೀವಿ ಚರ್ಚೆಯಲ್ಲಿ ಕೂತವರು ಕೇಳ್ತಾರೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪ ಕೇಳ್ತಾರೆ. ಆಫೀಸಿನ ಕಾಫಿ ಮಷೀನ್ ಪಕ್ಕ ನಿಂತು, ಎರಡು ಡಿಗ್ರಿ ಮಾಡಿಕೊಂಡ ನಮ್ಮ ಸಹೋದ್ಯೋಗಿಗಳೂ ಕೇಳ್ತಾರೆ. ಕೇಳುವ ಧಾಟಿ ನೋಡಿದರೆ ಕಂಪ್ಲೇಂಟ್ ಕೊಡೋದು ಅಂದ್ರೆ ಸ್ವಿಗ್ಗಿಯಲ್ಲಿ ತಣ್ಣಗಾದ ದೋಸೆ ಬಂತು ಅಂತ ಬಟನ್ ಒತ್ತಿದಷ್ಟೇ ಸುಲಭ ಅನ್ನೋ ಹಾಗೆ.

ನನ್ನದೂ ಒಂದು ಪ್ರಶ್ನೆ ಇದೆ. ಯಾರಿಗೆ ಕೊಡಬೇಕಿತ್ತು? ಅವಳ ಕಾಲೇಜಿನಲ್ಲಿ ಆ ಕಂಪ್ಲೇಂಟ್ ತಗೊಳ್ಳೋರು ಯಾರು, ಯಾವ ರೂಮಿನಲ್ಲಿ ಕೂರ್ತಾರೆ, ಕೊಟ್ಟ ಮೇಲೆ ಎಷ್ಟು ದಿನಕ್ಕೆ ಏನಾಗತ್ತೆ ಅಂತ ಅವಳಿಗೆ ಯಾರಾದರೂ, ಯಾವತ್ತಾದರೂ ಹೇಳಿದ್ರಾ? ಹೇಳದೇ ಇದ್ದ ಮೇಲೆ "ಯಾಕೆ ಕೊಡಲಿಲ್ಲ" ಅಂತ ಕೇಳೋಕೆ ನಮಗೆ ಯಾವ ಹಕ್ಕಿದೆ?

ಕೊಟ್ಟವಳ ಕಥೆಯನ್ನೇ ನೋಡೋಣ. ಒಡಿಶಾದ ಬಾಲಸೋರ್‌ನಲ್ಲಿ ಫಕೀರ್ ಮೋಹನ್ ಕಾಲೇಜು ಅಂತ ಇದೆ. ಅಲ್ಲಿ ಬಿ.ಎಡ್. ಓದುತ್ತಿದ್ದ 20 ವರ್ಷದ ಹುಡುಗಿಯೊಬ್ಬಳು ತನ್ನ ವಿಭಾಗದ ಮುಖ್ಯಸ್ಥನ ಮೇಲೆ ಲೈಂಗಿಕ ಕಿರುಕುಳದ ದೂರು ಬರೆದುಕೊಟ್ಟಳು. ಮೌಖಿಕವಾಗಿ ಅಲ್ಲ, ಗುಸುಗುಸು ಅಲ್ಲ, ಬರೆದು. ತನ್ನ ಮಾತು ಯಾರೂ ಕೇಳುತ್ತಿಲ್ಲ ಅನ್ನಿಸಿದಾಗ ಸ್ನೇಹಿತರ ಜೊತೆ ಪ್ರತಿಭಟನೆಗೂ ಕೂತಳು. ಕೊನೆಗೆ 2025ರ ಜುಲೈ 12ರಂದು ಅದೇ ಕಾಲೇಜಿನ ಆವರಣದಲ್ಲಿ ಬೆಂಕಿ ಹಚ್ಚಿಕೊಂಡಳು. ಎರಡು ದಿನದ ಮೇಲೆ ಭುವನೇಶ್ವರದ ಏಮ್ಸ್‌ನಲ್ಲಿ ತೀರಿಕೊಂಡಳು. ವಿಭಾಗದ ಮುಖ್ಯಸ್ಥ ಮತ್ತು ಪ್ರಿನ್ಸಿಪಾಲರ ಬಂಧನವಾಗಿದ್ದು ಅವಳು ಬೆಂಕಿ ಹಚ್ಚಿಕೊಂಡ ಮೇಲೆ. ಅವಳ ಕಾಗದಕ್ಕೆ ಇಲ್ಲದ ತೂಕ ಅವಳ ಸುಟ್ಟ ಮೈಗೆ ಬಂತು.

ಇದನ್ನು ಓದಿ "ಕಾನೂನು ಸರಿಯಿಲ್ಲ ಬಿಡಿ" ಅನ್ನೋರಿದ್ದಾರೆ. ಕಾನೂನು ಇದೆ ಕಣ್ರೀ. ಇದೆ ಅನ್ನೋದೇ ಸಿಟ್ಟು ಬರಿಸೋ ವಿಷಯ.

ರಾಜಸ್ಥಾನದ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿ ಎಂಬ ಸರ್ಕಾರಿ ಯೋಜನೆಯ ಕಾರ್ಯಕರ್ತೆಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರವಾಯ್ತು. ಆ ಹೋರಾಟದಿಂದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು. ಅದಾಗಿ 16 ವರ್ಷಕ್ಕೆ, 2013ರಲ್ಲಿ, ನಾವೆಲ್ಲ ಪಾಶ್ ಅಂತ ಕರೆಯೋ ಕಾಯ್ದೆ ಬಂತು. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಅಂತಲೇ ಯುಜಿಸಿ 2015ರ ನಿಯಮಾವಳಿ ಮಾಡಿ 2016ರ ಮೇ ತಿಂಗಳಲ್ಲಿ ಗೆಜೆಟ್‌ನಲ್ಲಿ ಪ್ರಕಟಿಸಿತು. ಅದರ ಪ್ರಕಾರ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಚಿಕ್ಕದಾಗಿ ಐಸಿಸಿ. ನಮ್ಮ ಹುಡುಗರಿಗೆ ಐಸಿಸಿ ಅಂದ್ರೆ ಕ್ರಿಕೆಟ್ ಮಾತ್ರ ನೆನಪಾಗೋದು ಅವರ ತಪ್ಪಲ್ಲ, ಇನ್ನೊಂದು ಐಸಿಸಿಯನ್ನು ಅವರು ಕಂಡೇ ಇಲ್ಲ.

ಆ ನಿಯಮಾವಳಿಯಲ್ಲಿ ಏನಿದೆ ಅಂತ ಸ್ವಲ್ಪ ನೋಡಿ. ಸಮಿತಿಯ ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬ ಹೊರಗಿನ ಸದಸ್ಯರು ಬೇಕು. ವಿಷಯ ವಿದ್ಯಾರ್ಥಿಗಳದ್ದಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು, ಅದೂ ಚುನಾವಣೆಯಲ್ಲಿ ಆರಿಸಿ ಬಂದವರು. ಕುಲಪತಿ, ಕುಲಸಚಿವ, ಡೀನ್, ಎಚ್‌ಒಡಿ ಥರದ ಆಡಳಿತದ ಕುರ್ಚಿಯಲ್ಲಿರೋರು ಸದಸ್ಯರಾಗೋ ಹಾಗೇ ಇಲ್ಲ. ದೂರು ಬಂದ 7 ದಿನದಲ್ಲಿ ಆರೋಪಿಗೆ ಪ್ರತಿ, ಅವನ ಉತ್ತರಕ್ಕೆ 10 ದಿನ, ವಿಚಾರಣೆ 90 ದಿನದೊಳಗೆ ಮುಗೀಬೇಕು. ವಿಚಾರಣೆ ನಡೆಯುವಾಗ ಆರೋಪಿ ಅವಳ ಪೇಪರ್ ತಿದ್ದದಂತೆ, ಅವಳಿಗೆ ಮಾರ್ಕ್ಸ್ ಹಾಕದಂತೆ ತಡೀಬಹುದು. ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ಅವನು ದೂರ ಇರಬೇಕು ಅಂತ ಆದೇಶ ಮಾಡಬಹುದು. ಗಂಡು ವಿದ್ಯಾರ್ಥಿಗಳು ಮತ್ತು ತೃತೀಯ ಲಿಂಗಿಗಳೂ ಇಂಥ ಹಿಂಸೆಗೆ ಗುರಿಯಾಗುತ್ತಾರೆ, ಯಾರ ಮೇಲಾದರೂ ಸಂಸ್ಥೆ ಸುಮ್ಮನಿರಬಾರದು ಅಂತಲೂ ಅದರಲ್ಲಿ ಬರೆದಿದೆ.

ಓದೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಈಗ ನೀವು ಓದಿದ ಕಾಲೇಜನ್ನು ನೆನಪಿಸಿಕೊಳ್ಳಿ. ಮೂವರು ವಿದ್ಯಾರ್ಥಿ ಪ್ರತಿನಿಧಿಗಳ ಆ ಚುನಾವಣೆಯಲ್ಲಿ ನೀವು ವೋಟ್ ಹಾಕಿದ್ರಾ? ಎಥ್ನಿಕ್ ಡೇಗೆ ಕಮಿಟಿ ಇತ್ತು, ಫೆಸ್ಟ್‌ಗೆ ಹನ್ನೆರಡು ಕಮಿಟಿ ಇತ್ತು, ಅದಕ್ಕೆಲ್ಲ ಜಗಳ ಆಡಿಕೊಂಡು ಓಡಾಡಿದ್ದೂ ನೆನಪಿದೆ. ಇದು?

ನನ್ನ ಕಾಲೇಜಿನಲ್ಲಿ ಸಮಿತಿ ಇತ್ತು. ಎಲ್ಲಿತ್ತು ಅಂದ್ರೆ ನ್ಯಾಕ್ ತಂಡ ಬಂದಾಗ ತೋರಿಸೋ ಫೈಲಿನಲ್ಲಿತ್ತು. ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ರೂಮಿನವಳೊಬ್ಬಳು ಲ್ಯಾಬ್‌ನಲ್ಲಿ ನಡೆದಿದ್ದನ್ನು ವಾರ್ಡನ್ ಹತ್ತಿರ ಹೇಳಿದಾಗ ಅವರ ಬಾಯಿಂದ ಬಂದ ಮೊದಲ ಮಾತು: "ಮನೆಗೆ ಫೋನ್ ಮಾಡ್ತೀನಿ, ನಿಮ್ಮ ತಂದೆ ಬರಲಿ." ಆಯ್ತಲ್ಲ, ಕೇಸ್ ಅಲ್ಲಿಗೇ ಕ್ಲೋಸ್. ಅಪ್ಪ ಬಂದ್ರೆ ಏನಾಗತ್ತೆ ಅಂತ ವಾರ್ಡನ್‌ಗೂ ಗೊತ್ತು, ಅವಳಿಗೂ ಗೊತ್ತು. "ಓದಿದ್ದು ಸಾಕು, ಬ್ಯಾಗ್ ಪ್ಯಾಕ್ ಮಾಡು" ಅಂತಾರೆ. ಮುಂದಿನ ವೈಶಾಖಕ್ಕೆ ಛತ್ರ ಬುಕ್ ಆಗತ್ತೆ. ಅವಳು "ಬೇಡ ಮೇಡಂ, ಏನೂ ಆಗಿಲ್ಲ" ಅಂದು ವಾಪಸ್ ರೂಮಿಗೆ ಬಂದಳು. ಲ್ಯಾಬ್‌ಗೆ ಹೋಗೋದು ಬಿಟ್ಟಳು. ಇಂಟರ್ನಲ್ಸ್ ಹೋಯ್ತು.

ಹದಿನೆಂಟು ತುಂಬಿದ ಹೆಣ್ಣುಮಗಳ ದೂರು ತಗೊಳ್ಳೋಕೆ ಅಪ್ಪನ ಸಹಿ ಬೇಕು ಅಂತ ಯುಜಿಸಿ ನಿಯಮದಲ್ಲಿ ಎಲ್ಲೂ ಇಲ್ಲ. ಆದರೂ ನಮ್ಮ ಕಾಲೇಜುಗಳು ಹಿಡಿಯೋ ಮೊದಲ ಆಯುಧ ಇದೇ. ಇದಕ್ಕೆ ಕಾಳಜಿ ಅಂತ ಹೆಸರಿಡ್ತಾರೆ. ನಾನು ಇದನ್ನು ಬೆದರಿಕೆ ಅಂತಲೇ ಕರೆಯೋದು.

ಬೆದರಿಕೆಯ ಇನ್ನೊಂದು ರೂಪವನ್ನು ನಮ್ಮ ಮೈಸೂರಿನಲ್ಲೇ ನೋಡಿದ್ದೇವೆ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೀತು. ಕೆಲವೇ ದಿನಕ್ಕೆ ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು. ಅದರಲ್ಲಿ ಏನಿತ್ತು? ದೂರು ಎಲ್ಲಿ ಕೊಡಬೇಕು, ಆಪ್ತಸಮಾಲೋಚಕರು ಯಾರು, ರಾತ್ರಿ ಹೊತ್ತು ಯಾವ ನಂಬರಿಗೆ ಕರೆ ಮಾಡಬೇಕು ಅಂತ ಇತ್ತಾ? ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆ ಕಡೆ ಹೋಗಬಾರದು ಅಂತ ಇತ್ತು. ಎಲ್ಲ ಕಡೆಯಿಂದ ಬೈಸಿಕೊಂಡು ಅದನ್ನು ವಾಪಸ್ ತಗೊಂಡರು, ನಿಜ. ಆದರೆ ಆ ಸುತ್ತೋಲೆಯ ಬುದ್ಧಿ ವಾಪಸ್ ಹೋಗಿಲ್ಲ. ತಪ್ಪು ಮಾಡಿದವನು ಹೊರಗೆ, ತಪ್ಪು ಮಾಡದವಳು ಒಳಗೆ, ಬಾಗಿಲಿಗೆ ಬೀಗ. ಇಂಥ ವ್ಯವಸ್ಥೆಯಲ್ಲಿ ಒಬ್ಬಳು ದೂರು ಕೊಟ್ಟರೆ ಇಡೀ ಹಾಸ್ಟೆಲ್‌ನ ಔಟ್‌ಪಾಸ್ ಕಟ್ ಆಗತ್ತೆ. ಆಮೇಲೆ ಅವಳ ಗೆಳತಿಯರೇ ಅವಳ ಬಾಯಿ ಮುಚ್ಚಿಸ್ತಾರೆ. ಮ್ಯಾನೇಜ್‌ಮೆಂಟಿಗೆ ಕೆಲಸವೇ ಇಲ್ಲ!

ಹಾಗಾಗಿ ಕಾಲೇಜು ಹೇಳದೇ ಇರೋದನ್ನ ನಾನೇ ಹೇಳ್ತೀನಿ. ನಿಮ್ಮ ತಂಗಿಗೆ, ಕಸಿನ್‌ಗೆ, ಪಿಜಿಯಲ್ಲಿರೋ ಊರಿನ ಹುಡುಗಿಗೆ ಇಷ್ಟನ್ನು ದಾಟಿಸಿ.

ಮೈಮೇಲೆ ದಾಳಿ ಆಗಿದ್ದರೆ ಮೊದಲು ಆಸ್ಪತ್ರೆ. ಸರ್ಕಾರಿ ಆಗಲಿ, ಖಾಸಗಿ ಆಗಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು ಅನ್ನೋದು ನಿಯಮ, ಆದರೆ "ಎಫ್‌ಐಆರ್ ತಂದ್ರೆ ಮಾತ್ರ ನೋಡ್ತೀವಿ" ಅನ್ನೋ ಹಾಗಿಲ್ಲ. ಗರ್ಭ ತಡೆಯೋ ಮಾತ್ರೆಗೂ, ಎಚ್‌ಐವಿ ತಡೆಯೋ ಔಷಧಿಗೂ ಮೊದಲ 72 ಗಂಟೆ ಬಹಳ ಮುಖ್ಯ. ಆದಷ್ಟು ಬೇಗ ಹೋದಷ್ಟೂ ಒಳ್ಳೇದು. ಹಾಕಿದ್ದ ಬಟ್ಟೆ ಒಗೆಯದೆ ಪೇಪರ್ ಕವರಿನಲ್ಲಿ ಎತ್ತಿಡಿ, ಪ್ಲಾಸ್ಟಿಕ್ ಬೇಡ. ಸ್ನಾನ ಮಾಡಿಬಿಟ್ಟಿದ್ದರೆ, ಬಟ್ಟೆ ಒಗೆದುಬಿಟ್ಟಿದ್ದರೆ "ಇನ್ನೇನು ಪ್ರಯೋಜನ" ಅಂತ ಕೂರಬೇಡಿ, ಆಗಲೂ ಹೋಗಿ. ಎರಡು ಬೆರಳಿನ ಪರೀಕ್ಷೆ ಅನ್ನೋ ಅಸಹ್ಯವನ್ನು ಮಾಡೋ ಡಾಕ್ಟರ್ ದುರ್ನಡತೆಯ ತಪ್ಪಿತಸ್ಥ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಎರಡನೇದು ಪೊಲೀಸ್. "ಇದು ನಮ್ಮ ಲಿಮಿಟ್ಸ್ ಅಲ್ಲ" ಅನ್ನೋ ಹಳೇ ಡೈಲಾಗ್ ಈಗ ನಡೆಯಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಝೀರೋ ಎಫ್‌ಐಆರ್ ಸೇರಿದೆ, ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಹೇಳಿಕೆ ಬರೆದುಕೊಳ್ಳೋದು ಮಹಿಳಾ ಅಧಿಕಾರಿಯೇ ಆಗಿರಬೇಕು. ಎಫ್‌ಐಆರ್ ಪ್ರತಿ ಉಚಿತ. ಅತ್ಯಾಚಾರ, ಮಾನಭಂಗದಂಥ ದೂರನ್ನು ಬರೆದುಕೊಳ್ಳದ ಪೊಲೀಸ್ ಅಧಿಕಾರಿಯೇ ಜೈಲಿಗೆ ಹೋಗಬಹುದು. ಹಿಂದೆ ಬಿದ್ದು ಪೀಡಿಸೋದು, ಕದ್ದು ವೀಡಿಯೋ ಮಾಡೋದು, ಅಶ್ಲೀಲ ಮೆಸೇಜ್, ಎಲ್ಲವೂ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ಸ್ಕ್ರೀನ್‌ಶಾಟ್ ಅಳಿಸಬೇಡಿ.

ಮೂರನೇದು ಕಾಲೇಜಿನ ಸಮಿತಿ. ಇದೂ ಬೇಕು, ಪೊಲೀಸೂ ಬೇಕು ಅಂದ್ರೆ ಎರಡೂ ಕಡೆ ಕೊಡಬಹುದು. "ಪೊಲೀಸ್ ಹತ್ರ ಹೋದ್ರೆ ನಾವು ವಿಚಾರಣೆ ಮಾಡಲ್ಲ" ಅನ್ನೋದು ಕಾಲೇಜಿನವರ ಬೊಗಳೆ. ದೂರುದಾರಳು ಪೊಲೀಸ್‌ಗೆ ಹೋಗ್ತೀನಿ ಅಂದರೆ ಸಹಾಯ ಮಾಡೋದು ಸಂಸ್ಥೆಯ ಕರ್ತವ್ಯ ಅಂತ ಕಾಯ್ದೆಯಲ್ಲೇ ಇದೆ. "ಸಾರಿ ಕೇಳ್ತಾನಂತೆ, ಬಿಡಮ್ಮ" ಅನ್ನೋ ರಾಜಿ ಪಂಚಾಯ್ತಿಯನ್ನು ಸಮಿತಿ ತಾನಾಗಿ ಶುರು ಮಾಡೋ ಹಾಗಿಲ್ಲ. ಅವಳು ಕೇಳಿದರೆ ಮಾತ್ರ ರಾಜಿ, ಅದರಲ್ಲೂ ದುಡ್ಡಿನ ಮಾತಿಲ್ಲ. ಕಾಲೇಜಿನ ಮುಖ್ಯಸ್ಥನ ಮೇಲೆಯೇ ದೂರಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ.

ಪಿಯುಸಿ ಮಕ್ಕಳ ವಿಷಯ ಬೇರೆ. ನಮ್ಮಲ್ಲಿ ಅದನ್ನೂ ಕಾಲೇಜು ಅಂತಲೇ ಕರೀತೀವಲ್ಲ, ಅದಕ್ಕೆ ಹೇಳ್ತಿದ್ದೀನಿ. 18 ತುಂಬದವರಿಗೆ ಪೋಕ್ಸೋ ಕಾಯ್ದೆ ಅನ್ವಯ. ಅಲ್ಲಿ "ಒಳಗೊಳಗೇ ಸರಿ ಮಾಡ್ತೀವಿ" ಅನ್ನೋದಕ್ಕೆ ಜಾಗವೇ ಇಲ್ಲ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನ ಮೇಷ್ಟ್ರ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೂ ಜೈಲಾಗಬಹುದು.

ಇನ್ನು ಯಾರಿಗೂ ದೂರು ಕೊಡೋ ಮನಸ್ಸಿಲ್ಲ, ಬರೀ ಅಳಬೇಕು, ಮಾತಾಡಬೇಕು, ನಿದ್ದೆ ಬರ್ತಿಲ್ಲ ಅಂದ್ರೆ? ಅದಕ್ಕೂ ದಾರಿ ಇದೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಹಿಳಾ ಸಹಾಯವಾಣಿ 181. ತುರ್ತು ಅಂದ್ರೆ 112. ಸಖಿ ಕೇಂದ್ರಗಳಲ್ಲಿ ತಂಗೋಕೆ ಜಾಗ, ವಕೀಲರ ಸಲಹೆ, ಆಪ್ತಸಮಾಲೋಚನೆ ಒಂದೇ ಕಡೆ ಸಿಗಬೇಕು ಅನ್ನೋದು ಯೋಜನೆ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿದರೆ ಉಚಿತ ವಕೀಲರು. ಹೆಂಗಸರಿಗೆ ಇದು ಆದಾಯದ ಮಿತಿ ಇಲ್ಲದೆ ಸಿಗುವ ಹಕ್ಕು. ದೂರು ಕೊಟ್ಟರೆ ಮಾತ್ರ ಬೆಂಬಲ ಅನ್ನೋದು ತಪ್ಪು. ಬೆಂಬಲ ಮೊದಲು, ದೂರು ಅವಳಿಷ್ಟ. ಹದಿನೆಂಟು ತುಂಬಿದವಳು ಯಾವ ಬಾಗಿಲು ತಟ್ಟಬೇಕು, ಯಾವಾಗ ತಟ್ಟಬೇಕು ಅಂತ ತೀರ್ಮಾನ ಮಾಡೋಳು ಅವಳೇ. ಅವಳ ಅಪ್ಪ ಅಲ್ಲ, ಪ್ರಿನ್ಸಿಪಾಲ್ ಅಲ್ಲ, ಟ್ವೀಟ್ ಮಾಡೋ ನಾವೂ ಅಲ್ಲ.

ಹಾಗಂತ ಕಾನೂನಿನಲ್ಲಿ ಹುಳುಕಿಲ್ಲ ಅಂತಲ್ಲ. ದೊಡ್ಡ ಹುಳುಕು ಮೂರು ತಿಂಗಳ ಗಡುವು. ಘಟನೆ ನಡೆದ ಮೂರು ತಿಂಗಳೊಳಗೆ ಸಮಿತಿಗೆ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು. (ಪೊಲೀಸ್ ದೂರಿಗೆ ಈ ಗಡುವಿಲ್ಲ, ನೆನಪಿಡಿ.) ಒಂದು ಸೆಮಿಸ್ಟರ್ ಎಷ್ಟು ಉದ್ದ ಇರತ್ತೆ ಲೆಕ್ಕ ಹಾಕಿ. ಯಾರ ಕೈಯಲ್ಲಿ ಇಂಟರ್ನಲ್ ಮಾರ್ಕ್ಸ್ ಇದೆಯೋ, ಯಾರು ಪಿಎಚ್‌ಡಿ ಗೈಡೋ, ಅವನ ಮೇಲೆ ರಿಸಲ್ಟ್ ಬರೋಕೆ ಮುಂಚೆ ಯಾರು ದೂರು ಕೊಡ್ತಾರೆ? ರಿಸಲ್ಟ್ ಬರೋ ಹೊತ್ತಿಗೆ ಗಡುವು ಮುಗಿದಿರತ್ತೆ. ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಕುಲಪತಿ ಮೇಲೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ದೂರು, ಕೊನೆಯ ಘಟನೆ ಏಪ್ರಿಲ್‌ನದ್ದು ಅನ್ನೋ ಕಾರಣಕ್ಕೆ ಗಡುವು ಮೀರಿದೆ ಅಂತ ವಜಾ ಆಯ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಜೊತೆಗೆ ಈ ತೀರ್ಪನ್ನು ಆ ಕುಲಪತಿಯ ರೆಸ್ಯೂಮೆಯಲ್ಲಿ ಸೇರಿಸಬೇಕು ಅಂತಲೂ ಹೇಳಿತು. ದೂರು ಕೊಟ್ಟವರು ಕಾನೂನು ಪಾಠ ಮಾಡೋರು. ಅವರಿಗೇ ಗಡುವು ಕೈ ಕೊಟ್ಟರೆ, ಹಾವೇರಿಯಿಂದ ಬಂದು ಬೆಂಗಳೂರಿನ ಹಾಸ್ಟೆಲ್ ಸೇರಿದ ಹತ್ತೊಂಬತ್ತರ ಹುಡುಗಿಯ ಗತಿ ಏನು?

"ಮತ್ತೆ ಸುಳ್ಳು ಕೇಸ್ ಹಾಕಿದ್ರೆ?" ಬಂತಾ ಪ್ರಶ್ನೆ? ಬರಲೇಬೇಕು, ಬರಲಿ. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಶಿಕ್ಷೆ ಇದೆ. ಆದರೆ ಸಾಬೀತು ಮಾಡೋಕೆ ಆಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರಲ್ಲ ಅಂತಲೂ ಕಾಯ್ದೆ ಬಿಡಿಸಿ ಹೇಳತ್ತೆ. ಮತ್ತೆ ನಾನು ಕೇಳ್ತಿರೋದು ಆರೋಪಿಯನ್ನು ಗೇಟಿನಲ್ಲಿ ನಿಲ್ಲಿಸಿ ಹೊಡೀರಿ ಅಂತ ಅಲ್ಲ, ನೆಟ್ಟಗೆ ವಿಚಾರಣೆ ಮಾಡಿ ಅಂತ. ಅದು ಆರೋಪಿಗೆ ಎಷ್ಟು ಬೇಕೋ ದೂರು ಕೊಟ್ಟವಳಿಗೂ ಅಷ್ಟೇ ಬೇಕು. ಗೋವಾ ವಿಶ್ವವಿದ್ಯಾಲಯದಲ್ಲಿ ಏನಾಯ್ತು ನೋಡಿ. 2009ರಲ್ಲಿ ವಿದ್ಯಾರ್ಥಿನಿಯರು ವಿಭಾಗದ ಮುಖ್ಯಸ್ಥನ ಮೇಲೆ ದೂರು ಕೊಟ್ಟರು. ಸಮಿತಿ ತರಾತುರಿಯಲ್ಲಿ ವಿಚಾರಣೆ ಮುಗಿಸಿತು, ಕೆಲಸದಿಂದ ವಜಾ ಮಾಡಿದರು. ಕೇಸ್ ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಮೇ ತಿಂಗಳಲ್ಲಿ ವಜಾ ಆದೇಶ ರದ್ದಾಯ್ತು. ಆರೋಪಿಗೆ ತನ್ನ ಪರ ಹೇಳಿಕೊಳ್ಳೋಕೆ ಸರಿಯಾದ ಅವಕಾಶ ಕೊಟ್ಟಿಲ್ಲ, ಮತ್ತೆ ವಿಚಾರಣೆ ಮಾಡಿ ಅಂತ. ಹದಿನಾಲ್ಕು ವರ್ಷ! ದೂರು ಕೊಟ್ಟಾಗ ಇಪ್ಪತ್ತರ ಆಸುಪಾಸಿನಲ್ಲಿದ್ದವರು ಈಗ ಮನೆ, ಮಕ್ಕಳು, ಇಎಂಐ ಅಂತ ಇರೋ ಹೊತ್ತಿಗೆ "ಮೊದಲಿಂದ ಶುರು" ಅಂದ್ರೆ ಹೇಗಾಗಿರಬೇಡ? ತರಬೇತಿ ಇಲ್ಲದ ಸಮಿತಿ ಇಬ್ಬರಿಗೂ ಅನ್ಯಾಯ ಮಾಡತ್ತೆ. ಅದೇ ತೀರ್ಪಿನಲ್ಲಿ ಕೋರ್ಟು, ಹತ್ತು ವರ್ಷವಾದರೂ ಕಾಯ್ದೆ ಸರಿಯಾಗಿ ಜಾರಿಯಾಗಿಲ್ಲ ಅಂತ ಬೇಸರ ಪಟ್ಟುಕೊಂಡಿತು.

ಒಳ್ಳೇ ಸಮಿತಿ ಮಾಡೋಕೆ ಆಗಲ್ಲ ಅಂತಲ್ಲ. ದೆಹಲಿಯ ಜೆಎನ್‌ಯುನಲ್ಲಿ 1999ರಲ್ಲೇ ಚುನಾಯಿತ ಪ್ರತಿನಿಧಿಗಳಿದ್ದ ಸಮಿತಿ ಇತ್ತು. 2017ರಲ್ಲಿ ಅದನ್ನು ಬರ್ಖಾಸ್ತು ಮಾಡಿ ಹೊಸ ಐಸಿಸಿ ತಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಫೇಸ್‌ಬುಕ್‌ನಲ್ಲಿ ಪ್ರೊಫೆಸರ್‌ಗಳ ಹೆಸರಿನ ಪಟ್ಟಿಯೊಂದು ಬಂದಾಗ, ಯಾರು ಏನು ಹೇಳಿದರು ಅನ್ನೋ ವಿವರ ಇಲ್ಲದೆ ಹೆಸರು ಹಾಕೋದು ಸರಿಯಾ ಅಂತ ಎಲ್ಲರೂ ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ ನಂಬೋ ಹಾಗಿರೋ ಬಾಗಿಲು ಮುಚ್ಚಿದರೆ ಜನ ಗೋಡೆ ಮೇಲೆ ಬರೀತಾರೆ. ಬರೆದವರನ್ನು ಬೈಯೋಕೆ ಮುಂಚೆ ಬಾಗಿಲು ಮುಚ್ಚಿದವರನ್ನು ಬೈಯಬೇಕಿತ್ತು.

ಈಗ ನಮ್ಮ ಸರದಿ. ನಮ್ಮ ಆಫೀಸಿನಲ್ಲಿ ವರ್ಷಕ್ಕೊಂದು ಸಲ ಪಾಶ್ ಟ್ರೈನಿಂಗ್ ಇರತ್ತೆ. ವೀಡಿಯೋ ಮ್ಯೂಟ್ ಮಾಡಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ, ಕೊನೆಯ ಕ್ವಿಜ್‌ನಲ್ಲಿ ನೂರಕ್ಕೆ ನೂರು ತಗೋತೀವಿ. ಪ್ಯಾಂಟ್ರಿ ಪಕ್ಕ ಸಮಿತಿ ಸದಸ್ಯರ ಹೆಸರು, ಇಮೇಲ್ ಇರೋ ಪೋಸ್ಟರ್ ಅಂಟಿಸಿರ್ತಾರೆ. ಅದು ಪೂರ್ತಿ ಕೆಲಸ ಮಾಡತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ಮೂವತ್ತರ ಮ್ಯಾನೇಜರ್‌ಗೆ ಗೊತ್ತಿರೋ ಬಾಗಿಲು ಹದಿನೆಂಟರ ಹುಡುಗಿಗೆ ಗೊತ್ತಿಲ್ಲ. ಸಂಬಳ ಬರೋರಿಗೆ ಒಂದು ಕಾನೂನು, ಫೀಸ್ ಕಟ್ಟೋರಿಗೆ ಒಂದು ಕಾನೂನಾ?

ನಮ್ಮ ಕೈಯಲ್ಲಿ ಏನಿದೆ ಅಂತ ಕೇಳಬೇಡಿ, ಬೇಕಾದಷ್ಟಿದೆ. ನಮ್ಮ ಕಾಲೇಜುಗಳು ಹೆದರೋದು ಎರಡಕ್ಕೆ: ನ್ಯಾಕ್ ಗ್ರೇಡ್ ಮತ್ತು ಪ್ಲೇಸ್‌ಮೆಂಟ್. ಕ್ಯಾಂಪಸ್ ಇಂಟರ್ವ್ಯೂಗೆ ಹೋಗೋರು ನಾವೇ ಅಲ್ವಾ? ಪ್ಲೇಸ್‌ಮೆಂಟ್ ಆಫೀಸರ್ ಕಾಫಿ ಕೊಟ್ಟು ಶಾಲು ಹೊದಿಸೋ ಹೊತ್ತಿಗೆ ಒಂದು ಮಾತು ಕೇಳಿ: "ಸರ್, ನಿಮ್ಮ ಐಸಿಸಿ ಸದಸ್ಯರ ಪಟ್ಟಿ ಎಲ್ಲಿ ಹಾಕಿದೀರಿ? ಕಳೆದ ವರ್ಷ ಎಷ್ಟು ದೂರು ಬಂತು, ಎಷ್ಟು ಇತ್ಯರ್ಥ ಆಯ್ತು?" ಈ ಲೆಕ್ಕವನ್ನು ಪ್ರತಿ ವರ್ಷ ಯುಜಿಸಿಗೆ ಕಳಿಸಬೇಕು ಅಂತ ನಿಯಮವೇ ಇದೆ, ಹಾಗಾಗಿ ಅವರ ಹತ್ತಿರ ಇರಲೇಬೇಕು. "ನಮ್ಮಲ್ಲಿ ಒಂದೂ ದೂರು ಬಂದಿಲ್ಲ" ಅಂತ ಎದೆ ಉಬ್ಬಿಸಿ ಹೇಳಿದರೆ ಚಪ್ಪಾಳೆ ತಟ್ಟಬೇಡಿ. ಮೂರು ಸಾವಿರ ಮಕ್ಕಳಿರೋ ಕಾಲೇಜಿನಲ್ಲಿ ಸೊನ್ನೆ ದೂರು ಅಂದ್ರೆ ಅದು ಸಜ್ಜನರ ಕಾಲೇಜು ಅಂತಲ್ಲ, ಅಲ್ಲಿ ದೂರು ಕೊಡೋ ಜಾಗ ಯಾರಿಗೂ ಗೊತ್ತಿಲ್ಲ ಅಂತ.

ಹಳೇ ವಿದ್ಯಾರ್ಥಿ ಸಂಘದವರು ಸಿಲ್ವರ್ ಜುಬಿಲಿಗೆ ದುಡ್ಡು ಕೇಳಿಕೊಂಡು ಬಂದಾಗಲೂ ಇದನ್ನೇ ಕೇಳಿ. ಕಮಾನು ಕಟ್ಟಿಸೋಕೆ, ಬೆಂಚ್ ಮೇಲೆ ಹೆಸರು ಹಾಕಿಸೋಕೆ ಕೊಡೋ ದುಡ್ಡಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕಿಯನ್ನು ವರ್ಷಪೂರ್ತಿ ಇಟ್ಟುಕೊಳ್ಳಬಹುದು. ಅಡ್ಮಿಷನ್ ದಿನ ಕೊಡೋ ಫೈಲಿನಲ್ಲಿ ಯೂನಿಫಾರಂ ಬಣ್ಣ, ಅಟೆಂಡೆನ್ಸ್ ಶಾರ್ಟೇಜ್ ಫೈನ್ ಎಷ್ಟು ಅಂತ ನಾಲ್ಕು ಪುಟ ಇರತ್ತೆ. ಅದರ ಜೊತೆ ಕನ್ನಡದಲ್ಲಿ ಒಂದೇ ಒಂದು ಪುಟ ಹಾಕಿ: ಹೀಗಾದರೆ ಇಲ್ಲಿಗೆ ಬನ್ನಿ, ಇವರನ್ನು ಕೇಳಿ, ನಿಮ್ಮನ್ನು ಕೇಳದೆ ಮನೆಗೆ ಫೋನ್ ಮಾಡಲ್ಲ, ಇಷ್ಟು ದಿನದಲ್ಲಿ ಉತ್ತರ ಕೊಡ್ತೀವಿ. ಝೆರಾಕ್ಸ್ ಖರ್ಚು ಎರಡು ರೂಪಾಯಿ.

ಆ ಎರಡು ರೂಪಾಯಿ ಖರ್ಚು ಮಾಡಿದ ಮೇಲೆ ಬೇಕಾದರೆ ಕೇಳಿ, ಯಾಕೆ ಕಂಪ್ಲೇಂಟ್ ಕೊಡಲಿಲ್ಲ ಅಂತ. ಅಲ್ಲಿವರೆಗೂ ಬಾಯಿ ಮುಚ್ಚಿಕೊಂಡಿರಿ.